ಮಸಾಲೆ ಡಬ್ಬಿಯಲ್ಲಿದ್ದ ಫ್ಯೂಸು

ಶಹಾಬಾದಿನಲ್ಲಿ ಸಪಾಟಾಗಿರುವುದು ಏನೇ ಬೇಕಾಗಲಿ, ಜನ ಮೊದಲು ನೋಡುವುದು ಫರ್ಸಿಯ ಕಡೆಗೆ. ನಮ್ಮೂರ ನೆಲದಡಿಯಿಂದ ಪದರ ಪದರವಾಗಿ ಏಳುವ ಹಾಸುಗಲ್ಲಿಗೆ ನಾವು ಫರ್ಸಿ ಎನ್ನುತ್ತೇವೆ. ನೆಲಕ್ಕೆ ಅದೇ, ಮಾಳಿಗೆಗೆ ಅದೇ, ಹಿತ್ತಲ ಬೇಲಿಗೆ ಸಾಲಾಗಿ ನಿಲ್ಲಿಸಿದ್ದೂ ಅದೇ. ಬಟ್ಟೆ ಒಗೆಯುವುದು ಅದರ ಮೇಲೆ, ಚಹಾದಂಗಡಿಯ ಮುಂದೆ ಕೂತು ಊರ ಉಸಾಬರಿ ಮಾಡುವುದೂ ಅದರ ಮೇಲೆ. ಚಿಂಚೋಳಿ ಸೀಮೆಯ ಐನಾಪುರದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಈ ಊರವರು ಹಾಸಿಗೆಯನ್ನಾದರೂ ಅರಳೆಯಲ್ಲಿ ಮಾಡಿದ್ದಾರಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ.

ನನ್ನ ಗಂಡ ಇದೇ ಕಲ್ಲಿನ ಮಗ. ವಾಡಿಯ ಕಡೆ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿ ದುಡಿದು ನಿವೃತ್ತರಾದವರು. ಅವರಿಗೆ ಬಿಚ್ಚಲು ಬಾರದ ಯಂತ್ರವಿಲ್ಲ. ಬಿಚ್ಚಿದ್ದನ್ನು ಮರಳಿ ಜೋಡಿಸಿದ ಮೇಲೆ ಒಂದೆರಡು ಬೋಲ್ಟು ಮಿಕ್ಕರೆ, ಯಂತ್ರ ಮಾಡಿದವನೇ ಹೆಚ್ಚಿಗೆ ಹಾಕಿದ್ದ ಎನ್ನುತ್ತಾರೆ. ತಪ್ಪು ಒಪ್ಪಿಕೊಳ್ಳುವ ಬೋಲ್ಟನ್ನು ಮಾತ್ರ ದೇವರು ಅವರಿಗೆ ಹಾಕುವುದನ್ನೇ ಮರೆತಿದ್ದಾನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ಹೋಗಿರಬೇಕು.

ನಿವೃತ್ತಿಯಾದ ಹೊಸದರಲ್ಲಿ ಕೈ ಖಾಲಿ ಬಿಟ್ಟು ಕೂರಲಾರದೆ, ಬಚ್ಚಲಿನ ನೆಲವನ್ನು ತಾವೇ ಹಾಸುವುದಾಗಿ ಹಟ ಹಿಡಿದರು. ಹಾಸಿದರು ಕೂಡ. ಕಲ್ಲಿಗೂ ಕಲ್ಲಿಗೂ ನಡುವೆ ಕೂದಲು ತೂರದಂತೆ ಕೂರಿಸಿದ್ದರು, ಸುಳ್ಳು ಹೇಳಬಾರದು. ಆದರೆ ನೀರು ಹರಿದು ಹೋಗಲು ನೆಲಕ್ಕೊಂದು ಇಳಿಜಾರು ಕೊಡಬೇಕಲ್ಲ, ನಮ್ಮ ಕಡೆ ಅದಕ್ಕೆ ಢಾಳ ಎನ್ನುತ್ತಾರೆ, ಆ ಢಾಳ ಮೋರಿಯ ಕಡೆ ಹೋಗದೆ ಬಾಗಿಲ ಕಡೆ ಬಂತು. ಬಾಗಿಲ ಆಚೆ ನನ್ನ ಅಡುಗೆಮನೆ. ಅವರು ಸ್ನಾನಕ್ಕೆ ಕೂತರೆ ನನ್ನ ಒಲೆಯ ಮುಂದೆ ಕಾಗಿಣಾ ಹೊಳೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಢಾಳದಲ್ಲಿ ದೋಷವಿಲ್ಲ, ಈ ಮನೆಯಲ್ಲಿ ನೀರಿನ ಖರ್ಚು ಹೆಚ್ಚು ಎಂದು ತೀರ್ಪು ಕೊಟ್ಟರು.

ಒಂದು ಬೆಳಿಗ್ಗೆ ಆ ನೀರಿನಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಸಂಜೆ ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು. ಅವರೆದುರು ಇವರು ನಗುತ್ತಾ ಒಂದು ಗಾದೆ ಬಿಟ್ಟರು.

“ಕುಣಿಲಾರ್ದಾಕಿ ನೆಲ ಡೊಂಕ ಅಂದಳಂತ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಉರಿದುಹೋಯಿತು, ಆ ಉರಿ ಪಟ್ಟಿ ಬಿಚ್ಚಿದ ಮೇಲೂ ಆರಲಿಲ್ಲ.

ಮೂಳೆ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಪಲ್ಯ ಕೈಯಾಡಿಸಬಲ್ಲೆ, ಚೊಂಬು ಎತ್ತಬಲ್ಲೆ, ಜೋಳದ ರೊಟ್ಟಿ ಬಡಿಯುವ ಬಲ ಮಾತ್ರ ಮರಳಿ ಬರಲಿಲ್ಲ. ರೊಟ್ಟಿಯಿಲ್ಲದ ಊಟ ನಮ್ಮ ಮನೆಯಲ್ಲಿ ಊಟದ ಲೆಕ್ಕಕ್ಕೇ ಬರುವುದಿಲ್ಲ. ಕೆಲವು ದಿನ ಖಾನಾವಳಿಯಿಂದ ತರಿಸಿದೆವು. ಆಮೇಲೆ ಒಂದು ಮುಂಜಾನೆ ಇವರು ಯಾರಿಗೂ ಏನೂ ಹೇಳದೆ ಹಿಟ್ಟು ನಾದಿಕೊಂಡು, ತಾವೇ ಬಡಿಯಲು ಕೂತುಬಿಟ್ಟರು. ಮೊದಲ ರೊಟ್ಟಿಗಳು ಚಿಂಚೋಳಿ ತಾಲ್ಲೂಕಿನ ನಕ್ಷೆಯ ಹಾಗಿದ್ದವು. ಬರಬರುತ್ತಾ ಗುಂಡಗಾದವು, ತೆಳ್ಳಗಾದವು, ಹೆಂಚಿನ ಮೇಲೆ ಉಬ್ಬತೊಡಗಿದವು. ಈಗ ನಮ್ಮ ಓಣಿಯಲ್ಲಿ ಅವರಂತೆ ಬಡಿಯುವವರಿಲ್ಲ. ಆ ಟಪ್ ಟಪ್ ಸದ್ದು ಕೇಳಿದಾಗೆಲ್ಲ ಎದುರು ಮನೆಯಾಕೆ ತನ್ನ ಗಂಡನಿಗೆ ನಮ್ಮ ಮನೆಯ ಕಡೆ ಬೆರಳು ಮಾಡಿ ತೋರಿಸುತ್ತಾಳಂತೆ.

ಅವರು ಬಡಿದ ರೊಟ್ಟಿಯ ಮೇಲೆ ಐದು ಬೆರಳಿನ ಅಚ್ಚು ತೆಳುವಾಗಿ ಮೂಡಿರುತ್ತದೆ. ತಾಟಿಗೆ ಬಿದ್ದ ಕೂಡಲೇ ನಾನು ಅದನ್ನು ನೋಡುತ್ತೇನೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂಬ ಸಿಟ್ಟು ಒಂದು ಕಡೆ, ಇಂಥ ಗಂಡ ಯಾರಿಗುಂಟು ಎಂಬ ಜಂಬ ಇನ್ನೊಂದು ಕಡೆ. ಎರಡನ್ನೂ ಪುಂಡಿಪಲ್ಯದ ಜೊತೆ ಕಲಸಿ ತಿನ್ನುತ್ತೇನೆ.

ಢಾಳ ತಿದ್ದುವುದೇನು ದೊಡ್ಡ ಕೆಲಸವಲ್ಲ. ಬಾಗಿಲ ಬಳಿಯ ಒಂದಿಷ್ಟು ಫರ್ಸಿ ಕಿತ್ತು ಮತ್ತೆ ಹಾಸಿದರೆ ಮುಗಿಯಿತು. ಆದರೆ ಕಿತ್ತರೆ ತಪ್ಪು ಒಪ್ಪಿದಂತಾಗುವುದಿಲ್ಲವೇ? ಅದಕ್ಕೇ ಇವರು ಬೇರೆ ಉಪಾಯ ಹೂಡಿದರು. ಒಲೆಯ ಮುಂದೆ ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿದ ಹಾಸೊಂದನ್ನು ಮಾಡುವುದು. ನೀರು ಕೆಳಗೆ ಹರಿಯಲಿ, ನಾನು ಮೇಲೆ ನಿಲ್ಲಲಿ. ಅದೇ ಹೊತ್ತಿಗೆ ಐನಾಪುರದ ಹೊಲದಲ್ಲಿ ಗಾಳಿಗೆ ಬೇವಿನ ಮರ ಉರುಳಿತ್ತು. ನನ್ನ ತಮ್ಮ ಅದನ್ನು ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಕೊಯ್ಯಿಸಿ ಹಲಗೆಗಳನ್ನು ಕಳಿಸಿಕೊಟ್ಟಿದ್ದ. ಪಟ್ಟಿಗಳೆಲ್ಲ ಒಂದೇ ಅಳತೆಗೆ ಇರಬೇಕು, ತುದಿ ನೇರ ಇರಬೇಕು, ಕೈಗರಗಸದಿಂದ ಇದು ಆಗುವ ಮಾತಲ್ಲ ಎಂದು ಹೇಳಿ ಹೊರಟವರು, ವಾಡಿಯ ಗುಜರಿ ಅಂಗಡಿಯಿಂದ ಟಂಟಂ ಗಾಡಿಯ ತುಂಬ ಒಂದು ಯಂತ್ರ ಹೇರಿಕೊಂಡು ಬಂದರು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಅದರ ಹೆಸರು ರೇಡಿಯಲ್ ಆರ್ಮ್ ಸಾ ಎಂದು ಹೇಳಿದರು. ಹಿಂದೊಂದು ಕಬ್ಬಿಣದ ಕಂಬ. ಕಂಬದ ತಲೆಯಿಂದ ಮುಂದಕ್ಕೆ ಚಾಚಿದ ತೋಳು. ಆ ತೋಳಿಗೆ ತೂಗಿಬಿದ್ದ ಮೋಟಾರು, ಮೋಟಾರಿಗೆ ರೊಟ್ಟಿಯಷ್ಟಗಲದ ಹಲ್ಲಿನ ಚಕ್ರ. ಕಟ್ಟಿಗೆ ಮೇಜಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ. ಗರಗಸ ಹಿಂದಿನಿಂದ ತೋಳಿನಗುಂಟ ಮುಂದೆ ಬಂದು ಅದನ್ನು ಕತ್ತರಿಸುತ್ತದೆ. ಅಂದರೆ ನಾವು ಎದುರು ನಿಂತು, ಹಿಡಿಕೆ ಹಿಡಿದು, ಗರಗಸವನ್ನು ನಮ್ಮ ಕಡೆಗೇ ಎಳೆದುಕೊಳ್ಳಬೇಕು. ಹಲ್ಲಿರುವ ಪ್ರಾಣಿಯನ್ನು ಯಾರಾದರೂ ಬಾ ಬಾ ಎಂದು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಾರೆಯೇ ಎಂದು ಕೇಳಿದೆ. ಹೆಂಗಸರಿಗೆ ಯಂತ್ರ ತಿಳಿಯುವುದಿಲ್ಲ ಎಂಬ ಉತ್ತರ ಬಂತು. ಆ ಉತ್ತರವನ್ನು ನಾನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ನಮ್ಮ ಪಕ್ಕದ ಓಣಿಯಲ್ಲಿ ಬಾಗಿಲು ಕಿಟಕಿ ಮಾಡುವ ಉಸ್ತಾದರಿದ್ದಾರೆ. ಅವರದು ತಲೆತಲಾಂತರದ ಬಡಗಿ ಮನೆತನ. ಸೇಡಂನಿಂದ ಚಿತ್ತಾಪುರದವರೆಗೆ ಯಾವ ಹಳೆಯ ಬಾಗಿಲು ಚೆನ್ನಾಗಿ ಕಂಡರೂ ತಮ್ಮ ಅಜ್ಜನದೇ ಎನ್ನುತ್ತಾರೆ. ಚೆನ್ನಾಗಿಲ್ಲದಿದ್ದರೆ ಬೇರೆಯವರ ಅಜ್ಜನದು. ನನ್ನ ಗಂಡನಿಗೂ ಅವರಿಗೂ ಹಳೆಯ ದೋಸ್ತಿ. ಇಬ್ಬರೂ ಕೂತರೆ ಕೊಟ್ಟ ಚಹಾ ಆರಿ ಕೆನೆ ಕಟ್ಟುವವರೆಗೂ ವಾದ ಮುಗಿಯುವುದಿಲ್ಲ. ಉಸ್ತಾದರ ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿದೆ. ಅದು ಹೋದ ಬಗೆಯನ್ನು ಅವರು ಒಬ್ಬೊಬ್ಬರಿಗೆ ಒಂದೊಂದು ಥರ ಹೇಳುತ್ತಾರೆ. ನನ್ನ ಗಂಡನಿಗೆ ಚಿಂಚೋಳಿ ಅಡವಿಯಲ್ಲಿ ತೋಳ ಕಚ್ಚಿದ ಕತೆ ಹೇಳಿದ್ದರು. ನನಗೆ ಹೇಳಿದ್ದು ಅವರ ಹೆಂಡತಿ ಅಡಿಕೆ ಕತ್ತರಿಸುವ ಅಡಕೊತ್ತಿನ ಕತೆ.

ಯಂತ್ರ ನೋಡಲು ಬಂದ ಉಸ್ತಾದರು ಅದರ ಸುತ್ತ ಒಂದು ಸುತ್ತು ಹಾಕಿದರೇ ಹೊರತು ಮುಟ್ಟಲಿಲ್ಲ. ಇಂಥದ್ದಕ್ಕೆ ಹಸಿವು ಹೆಚ್ಚು, ಕಟ್ಟಿಗೆ ಸಿಕ್ಕಿದ ಕೂಡಲೇ ಅದನ್ನೇರಿ ತಾನೇ ಮನುಷ್ಯನ ಮೈಮೇಲೆ ನುಗ್ಗಿ ಬರುತ್ತದೆ ಎಂದರು. ಹಾಗೆ ಹೇಳುವಾಗ ಆ ಅರ್ಧ ಬೆರಳನ್ನು ಅಂಗೈಯೊಳಗೆ ಮುಚ್ಚಿಕೊಂಡರು. ನನ್ನ ಕಣ್ಣ ಮುಂದೆ ಒಂದು ರೊಟ್ಟಿ ಬಂತು. ಅದರ ಮೇಲೆ ನಾಲ್ಕೇ ಬೆರಳಿನ ಅಚ್ಚು. ಅಲ್ಲಿಯವರೆಗೆ ತಮಾಷೆ ಮಾಡುತ್ತಿದ್ದವಳು ಇವರನ್ನು ನೇರ ನೋಡಿ ಹೇಳಿದೆ.

“ನನ್ನ ಕೈ ಹೋಗಿದ್ದು ಹೋಯ್ತು. ನಿಮ್ಮದೊಂದು ಬೆರಳ ಹೋದ್ರೂ ನಾ ಸುಮ್ಮ ಇರಂಗಿಲ್ರಿ.”

ಇವರು ಕೇಳಿಸಿಕೊಂಡರು, ತಲೆಗೆ ಹಾಕಿಕೊಳ್ಳಲಿಲ್ಲ.

ಯಂತ್ರದ ಜೊತೆ ಬಂದಿದ್ದ ಮರದ ಮೇಜನ್ನು ಗೆದ್ದಲು ತಿಂದಿತ್ತು. ಇವರು ಅದನ್ನು ಕಿತ್ತೆಸೆದು ಆ ಜಾಗದಲ್ಲಿ ಏನು ಕೂರಿಸಿದರೆಂದು ಬೇರೆ ಹೇಳಬೇಕೇ? ನುಣ್ಣಗೆ ಪಾಲಿಶ್ ಮಾಡಿದ ಒಂದು ಫರ್ಸಿ. ಈ ಭೂಮಿಯ ಮೇಲೆ ಗರಗಸದ ಅಡಿಗೆ ಕಲ್ಲು ಹಾಕುವ ಬುದ್ಧಿ ನಮ್ಮೂರವರಿಗಲ್ಲದೆ ಯಾರಿಗೂ ಹೊಳೆಯಲಾರದು. ಮಟ್ಟಗೋಲು ಇಟ್ಟು ನೋಡಿ, ಬಾಗುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಹೆಮ್ಮೆಪಟ್ಟರು. ಉಸ್ತಾದರೂ ಶಭಾಷ್ ಎಂದು ತಲೆದೂಗಿದರು. ಎಷ್ಟೆಂದರೂ ಅವರೂ ಇದೇ ಊರವರು.

ಒಳ್ಳೆಯ ದಿನ ನೋಡಿ ಹಿತ್ತಲ ತಗಡಿನ ಶೆಡ್ಡಿಗೆ ದೃಷ್ಟಿ ತಾಗದಂತೆ ಬೂದುಗುಂಬಳ ಕಟ್ಟಿದರು. ಗರಗಸಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಇಟ್ಟರು. ಉಸ್ತಾದರು ತಮ್ಮಷ್ಟಕ್ಕೆ ಬಿಸ್ಮಿಲ್ಲಾ ಅಂದುಕೊಂಡರು. ಕಲ್ಲು ಕೊಯ್ಯುವ ಮಷೀನಿನಲ್ಲಿ ದುಡಿಯುವ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ನೀರು ಸುರಿಯದೆ ಗರಗಸ ಓಡಿಸುತ್ತೀರಾ ಎಂದು ಗಾಬರಿಯಾಗಿ ಒಂದು ಬಕೆಟ್ ನೀರು ತಂದರು. ಕಲ್ಲಿಗೆ ನೀರು ಬೇಕು, ಕಟ್ಟಿಗೆಗೆ ಬೇಡ ಎಂದು ತಿಳಿಹೇಳಿ ಕಳಿಸುವಷ್ಟರಲ್ಲಿ ಸಾಕಾಯಿತು.

ಈ ಗರಗಸ ಕಟ್ಟಿಗೆಯನ್ನು ಪೂರ್ತಿ ಕತ್ತರಿಸಬೇಕಾದರೆ, ಅದರ ಹಲ್ಲು ಕಟ್ಟಿಗೆಯ ಅಡಿಯನ್ನು ದಾಟಿ ಮೇಜಿನೊಳಕ್ಕೂ ಚೂರು ಇಳಿಯಬೇಕು. ಕಲ್ಲಿನೊಳಕ್ಕೆ ಇಳಿಯುವುದು ಹೇಗೆ? ಕಲ್ಲಿಗೆ ತಾಗದಿರಲೆಂದು ಇವರು ಚಕ್ರವನ್ನು ಕೂದಲೆಳೆಯಷ್ಟು ಮೇಲೆಯೇ ನಿಲ್ಲಿಸಿ ಮೊದಲ ಹಲಗೆ ಕೊಯ್ದರು. ಉಳ್ಳಾಗಡ್ಡಿ ಸಿಪ್ಪೆಯಷ್ಟು ಕಟ್ಟಿಗೆ ಅಡಿಯಲ್ಲಿ ಹಾಗೇ ಉಳಿಯಿತು. ಕೈಯಿಂದ ಮುರಿದರೆ ತುದಿ ಕಸಬರಿಗೆಯಂತೆ ಕೆದರಿಕೊಂಡಿತು. ಉಸ್ತಾದರು ಕಿಸಕ್ಕನೆ ನಕ್ಕರು. ಇವರ ಮೀಸೆ ಕುಣಿಯಿತು. ಹಿಡಿಕೆ ತಿರುಗಿಸಿ ಚಕ್ರವನ್ನು ಇನ್ನಷ್ಟು ಕೆಳಗಿಳಿಸಿ ಎಳೆದರು.

ಆಮೇಲೆ ನಡೆದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಚಕ್ರ ಕಲ್ಲಿಗೆ ತಾಗಿ ಕಿರುಚಿತು, ಕಿಡಿ ಹಾರಿತು, ಗರಗಸ ಇವರ ಕಡೆಗೆ ನೆಗೆಯಿತು. ಇವರು ಹಿಂದಕ್ಕೆ ಜಿಗಿದು ಸ್ವಿಚ್ಚು ಆರಿಸಿದರು. ಎಲ್ಲ ತಣ್ಣಗಾದ ಮೇಲೆ ನೋಡಿದರೆ ಕಟ್ಟಿದ ಬೂದುಗುಂಬಳ ತಾನಾಗಿಯೇ ತೂಗಾಡುತ್ತಿತ್ತು. ಅದರ ಹೊಟ್ಟೆಯಲ್ಲಿ ಗರಗಸದ ಒಂದು ಹಲ್ಲು ನಟ್ಟಿತ್ತು. ದೃಷ್ಟಿಗೆ ಕಟ್ಟಿದ ಕುಂಬಳ ತನ್ನ ಕೆಲಸ ಮಾಡಿದ್ದನ್ನು ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಕಂಡೆ. ಅದು ನೇತಾಡುತ್ತಿದ್ದ ಜಾಗಕ್ಕೂ ಇವರ ಹಣೆಗೂ ಒಂದು ಗೇಣು ಅಂತರವಿತ್ತು.

ನಾನು ನೆಟ್ಟಗೆ ಹೋಗಿ ಮೇನ್ ಸ್ವಿಚ್ಚು ಆರಿಸಿ, ಶೆಡ್ಡಿನ ಬೋರ್ಡಿನಿಂದ ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತು, ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಬಂದೆ. ಮಸಾಲೆ ಡಬ್ಬಿಯ ಖಾರದ ಪುಡಿಯ ಬಟ್ಟಲಲ್ಲಿ ಅದನ್ನು ಹುಗಿದಿಟ್ಟೆ. ಇವರು ರೊಟ್ಟಿ ಬಡಿಯುತ್ತಾರೆ, ಮಸಾಲೆಗೆ ಕೈ ಹಾಕುವುದಿಲ್ಲ. ಅಂಗಡಿಗೆ ಹೋಗಿ ಇನ್ನೊಂದು ಫ್ಯೂಸು ತರಬಹುದಿತ್ತು, ಫಿಟರ್ ಆದವರಿಗೆ ಅದೇನು ಮಹಾ. ತರಲಿಲ್ಲ. ಮನೆಯೆಲ್ಲ ಹುಡುಕಿದಂತೆ ಮಾಡಿದರು. ಅವರೂ ಹೆದರಿದ್ದಾರೆ ಎಂದು ನನಗೆ ಅದರಿಂದಲೇ ಗೊತ್ತಾಯಿತು. ಗರಗಸ ನನ್ನ ಮನಸ್ಸಿಗೆ ಬರುವವರೆಗೆ ಫ್ಯೂಸು ಸಿಗುವುದಿಲ್ಲ ಎಂದು ಸಾರಿದೆ.

ಅಂದಿನಿಂದ ಊಟ ಮುಗಿದ ಮೇಲೆ ನಾವಿಬ್ಬರೂ ಮೊಬೈಲಿನಲ್ಲಿ ಇಂಥ ಗರಗಸಗಳ ವಿಡಿಯೋ ನೋಡತೊಡಗಿದೆವು. ಹೇಳುವವರು ಹೊರದೇಶದವರು, ಅವರ ಮಾತು ನಮಗೆ ಅರ್ಧಂಬರ್ಧ ತಿಳಿಯುತ್ತಿತ್ತು. ನಾನು ಮೊದಲು ಹೇಳುವವನ ಬೆರಳು ಎಣಿಸುತ್ತಿದ್ದೆ. ಹತ್ತೂ ಇದ್ದರೆ ಮುಂದೆ ನೋಡುವುದು, ಕಡಿಮೆ ಇದ್ದರೆ ನಮಗೆ ಉಸ್ತಾದರೇ ಸಾಕು. ಇದು ಉಸ್ತಾದರ ಕಿವಿಗೂ ಬಿತ್ತು. ಒಂದು ದಿನ ಮುನಿಸು ತೋರಿಸಿ, ಮರುದಿನ ಚಹಾದ ಹೊತ್ತಿಗೆ ಸರಿಯಾಗಿ ಬಂದರು.

ಮೊದಲು ಫರ್ಸಿ ಇಳಿಯಿತು. ತಪ್ಪು ಫರ್ಸಿಯದಲ್ಲ, ಗರಗಸದ ಹಲ್ಲು ಕಚ್ಚಾ ಎಂದು ಇವರು ಗೊಣಗುತ್ತಲೇ ಇಳಿಸಿದರು. ಆ ಕಲ್ಲನ್ನು ನಾನು ಬಟ್ಟೆ ಒಗೆಯಲು ಇಟ್ಟುಕೊಂಡೆ. ಅದರ ಜಾಗಕ್ಕೆ ದಪ್ಪ ಪ್ಲೈವುಡ್ ಬಂತು. ಮೇಲೊಂದು ತೆಳು ಹಲಗೆ, ಗರಗಸದ ಹಲ್ಲಿಗೆ ಗೀರಿಸಿಕೊಳ್ಳಲೆಂದೇ ಇಟ್ಟದ್ದು, ಸವೆದರೆ ಬದಲಿಸುವುದು. ಹಿಂದೆ ಒಂದು ಬೇವಿನ ಅಡ್ಡಪಟ್ಟಿ, ಕೊಯ್ಯುವ ಕಟ್ಟಿಗೆ ಬೆನ್ನು ಆನಿಸಿಕೊಳ್ಳಲು.

ಮುರಿದ ಹಲ್ಲಿನ ಚಕ್ರವನ್ನು ಬಿಚ್ಚಿದಾಗ ಉಸ್ತಾದರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲುಗಳು ಗಿಳಿಯ ಕೊಕ್ಕಿನಂತೆ ಮುಂದಕ್ಕೆ ಬಾಗಿದ್ದವು. ಉದ್ದಕ್ಕೆ ಸೀಳಲು ಅದು ಸರಿ, ಅಡ್ಡ ಕೊಯ್ಯುವಾಗ ಮಾತ್ರ ಅದೇ ಕೊಕ್ಕು ಕಟ್ಟಿಗೆಯನ್ನು ಕಚ್ಚಿ ಹಿಡಿದು ಮುಂದಕ್ಕೆ ಜಗ್ಗುತ್ತದೆ, ಇಂಥ ಯಂತ್ರಕ್ಕೆ ನೆಟ್ಟಗೆ ನಿಂತ ಅಥವಾ ಕೊಂಚ ಹಿಂದಕ್ಕೆ ಒರಗಿದ ಹಲ್ಲೇ ಬೇಕು ಎಂದರು. ಇದು ತನಗೆ ಮೊದಲೇ ಗೊತ್ತಿತ್ತು ಎಂದರು ನನ್ನ ಗಂಡ. ಗೊತ್ತಿದ್ದೂ ಹಾಕಿದ್ದಾದರೆ ಅದು ಇನ್ನೂ ದೊಡ್ಡ ತಪ್ಪಲ್ಲವೇ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ಹೊಸ ಚಕ್ರಕ್ಕೆ ಅಳತೆ ತೆಗೆಯಲು ಕೂತರು. ಕಲಬುರಗಿಯಿಂದ ಒರಗಿದ ಹಲ್ಲಿನ ಹೊಸ ಚಕ್ರ ಬಂತು.

ಹೊಸ ಚಕ್ರ ಕೂರಿಸಿ, ನೋಡು ಬಾ ಎಂದು ಇವರು ನನ್ನನ್ನು ಕರೆದರು. ಕರೆಂಟಿಲ್ಲ, ಫ್ಯೂಸು ಖಾರದಲ್ಲಿದೆ. ಗರಗಸವನ್ನು ಹಿಂದಕ್ಕೆ ತಳ್ಳಿ ಕೈ ಬಿಟ್ಟರು. ನಾವು ಮೂವರೂ ನೋಡುತ್ತಿದ್ದಂತೆ ಅದು ನಿಧಾನಕ್ಕೆ, ಹಸಿದ ಬೆಕ್ಕು ಅಡುಗೆಮನೆಗೆ ಬಂದ ಹಾಗೆ, ಸದ್ದಿಲ್ಲದೆ ಜಾರಿ ಇವರ ಕಡೆಗೆ ಬಂತು. ಪೂಜೆಯ ನಿಂಬೆಹಣ್ಣು ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿ ತೋಳಿನ ಬೆನ್ನ ಮೇಲಿಟ್ಟೆ. ಅದೂ ಮುಂದಕ್ಕೆ ಉರುಳಿ ಇವರ ಕಾಲ ಬುಡದಲ್ಲಿ ಬಿತ್ತು. ತೋಳಿನ ಮೂತಿ ಕೆಳಗಾಗಿತ್ತು. ಇಷ್ಟು ವರ್ಷ ಕಾದ ಅವಕಾಶ ಕಾಲ ಬುಡಕ್ಕೇ ಬಂದು ಬಿದ್ದ ಮೇಲೆ ನಾನು ಬಿಡುವುದುಂಟೇ?

“ಬಚ್ಚಲದ ನೀರ ನನ್ನ ಕಡೀಗಿ ಬರತದ, ಈ ಗರಗಸ ನಿಮ್ಮ ಕಡೀಗಿ ಬರಾಕತ್ತದ. ನೀವು ಕೊಟ್ಟ ಢಾಳ ಯಾವಾಗ್ಲೂ ಮನಷ್ಯಾರ ಮ್ಯಾಲೇ ಬರತದೇನ್ರಿ?”

ಉಸ್ತಾದರು ನಗು ತಡೆಯಲಾರದೆ ಶೆಡ್ಡಿನ ಹೊರಗೆ ಹೋಗಿ ನಿಂತರು. ಇವರ ಕಿವಿ ಕೆಂಪಾದವು. ಬೋಲ್ಟು ತಿರುವುವ ಪಾನಾ ಎತ್ತಿಕೊಂಡು, ಯಂತ್ರದ ಮುಂದಿನ ಕಾಲಿನಡಿ ತಗಡು ಕೊಟ್ಟು ತೋಳಿನ ಮೂತಿಯನ್ನು ತುಸು ಎತ್ತಿದರು. ಯಂತ್ರ ಓರೆಯಾದ ಮೇಲೆ ಮೇಜನ್ನೂ ಬೋಲ್ಟು ತಿರುವಿ ತಿರುವಿ ತೋಳಿಗೆ ಸಮನಾಗಿ ತಂದರು. ಮತ್ತೆ ಗರಗಸವನ್ನು ಅರ್ಧಕ್ಕೆ ಎಳೆದು ಬಿಟ್ಟರೆ, ಅದು ತಾನಾಗಿ ಹಿಂದಕ್ಕೆ ಜಾರಿ ಅಡ್ಡಪಟ್ಟಿಯ ಆಚೆ, ಕಂಬದ ಬುಡಕ್ಕೆ ಹೋಗಿ ನಿಂತಿತು. ಒಂದು ಮಧ್ಯಾಹ್ನದ ಕೆಲಸ. ಬಚ್ಚಲಿಗೆ ಇದರ ಅರ್ಧ ಹೊತ್ತು ಸಾಕಿತ್ತು. ನಾನು ಬಚ್ಚಲ ಬಾಗಿಲ ಕಡೆ ಒಮ್ಮೆ ನೋಡಿದೆ. ಅವರೂ ನೋಡಿದರು.

ತೋಳು ಅಡ್ಡಪಟ್ಟಿಗೆ ನೇರಾನೇರ ಇದೆಯೇ ಎಂಬುದಕ್ಕೆ ಮತ್ತೊಂದು ಜಗಳ. ಫಿಟರ್ ತಮ್ಮ ಉಕ್ಕಿನ ಮೂಲೆಮಟ್ಟ ತಂದರು, ಉಸ್ತಾದರು ತಮ್ಮ ಅಜ್ಜನ ಮರದ ಮೂಲೆಮಟ್ಟ ತಂದರು. ಒಂದು ಸರಿ ಎಂದರೆ ಇನ್ನೊಂದು ತಪ್ಪು ಎನ್ನುತ್ತಿತ್ತು. ವಿಡಿಯೋದಲ್ಲಿ ಹತ್ತು ಬೆರಳಿನ ಮುದುಕನೊಬ್ಬ ಹಲಗೆ ಕೊಯ್ದು, ಒಂದು ತುಂಡನ್ನು ಮಗುಚಿ, ಎರಡೂ ಕೊಯ್ದ ಅಂಚನ್ನು ಒಂದಕ್ಕೊಂದು ತಾಗಿಸಿ ನೋಡಿದ್ದು ನನಗೆ ನೆನಪಿತ್ತು. ನಡುವೆ ಸಂದು ಕಂಡರೆ ತೋಳು ಓರೆ, ಕಾಣದಿದ್ದರೆ ನೇರ. ಅದನ್ನೇ ಮಾಡಿ ಎಂದೆ. ಕೊಯ್ಯಲು ಫ್ಯೂಸು ಬೇಕಲ್ಲ ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಅವರಿಬ್ಬರೂ ಒಂದೇ ಮಾತಿಗೆ ಬಂದದ್ದನ್ನು ನಾನು ಅಂದೇ ಕಂಡೆ.

ಫ್ಯೂಸು ಕೊಡುವ ಮೊದಲು ಇನ್ನೆರಡು ಕೆಲಸ ಮಾಡಿಸಿದೆ. ಗರಗಸ ಮೇಜಿನ ಅಂಚು ದಾಟಿ ಹೊಟ್ಟೆಯವರೆಗೆ ಬಾರದಂತೆ ತೋಳಿಗೆ ಒಂದು ಬಿಗಿ ತಡೆ ಹಾಕಿಸಿದೆ. ಚಕ್ರ ಓಡುವ ದಾರಿಯ ಎರಡೂ ಕಡೆ, ಇವರ ಗೇಣಿನಿಂದಲೇ ಅಳೆದು, ಮೇಜಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದೆ. ಚಕ್ರ ತಿರುಗುವಾಗ ಕೈ ಆ ಗೆರೆಯ ಒಳಗೆ ಹೋಗಕೂಡದು. ಆಗ ಉಸ್ತಾದರು ಸುಮ್ಮನೆ ಬಂದು ಗೆರೆಯ ಮೇಲೆ ತಮ್ಮ ಅರ್ಧ ಬೆರಳಿನ ಕೈ ಇಟ್ಟರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

“ಖರೇ ಹೇಳ್ತೀನ್ರಿ ಭಾಭಿ. ಹೈದರಾಬಾದದಾಗ ಇಂಥಾದೇ ಮಷೀನದಾಗ ಹೋಯ್ತು. ಕೊಯ್ಯೋದು ಮುಗದಿತ್ತು. ತುಂಡ ತಗೀಲಿಕ್ಕ ಕೈ ಚಾಚಿದೆ. ಗರಗಸ ಇನ್ನಾ ಅದರ ಮನೀಗಿ ಹೋಗಿರಲಿಲ್ಲ.”

ತೋಳವೂ ಇರಲಿಲ್ಲ, ಅಡಕೊತ್ತೂ ಇರಲಿಲ್ಲ. ನನ್ನ ಗಂಡ ಗೆಳೆಯನ ಕೈ ನೋಡಿದರು. ಗರಗಸ ಹಿಂದೆ ಹೋಗಿ, ಚಕ್ರ ಪೂರ್ತಿ ನಿಲ್ಲುವವರೆಗೆ ತುಂಡನ್ನು ಮುಟ್ಟುವುದಿಲ್ಲ ಎಂದು ನಾನು ಕೇಳದೆಯೇ ಮಾತು ಕೊಟ್ಟರು.

ಇಷ್ಟಾದ ಮೇಲೂ ತಕರಾರು ಒಂದು ಉಳಿಯಿತು. ಗರಗಸದ ಹಸಿವು ಹೋಗಿದೆ ಎಂದರು ಇವರು. ಇನ್ನೂ ಇದೆ ಎಂದರು ಉಸ್ತಾದರು. ಇಬ್ಬರದೂ ದುಡಿದು ಗಟ್ಟಿಯಾದ ತೋಳು. ಗರಗಸ ಜಗ್ಗಿದರೂ ಅವರಿಗೆ ಗೊತ್ತಾಗುವ ಮೊದಲೇ ಅವರ ತೋಳು ಅದನ್ನು ತಡೆದುಬಿಡುತ್ತದೆ. ಅದರ ಹಸಿವನ್ನು ಅಳೆಯಲು ಸೋತ ಕೈಯೇ ಬೇಕು. ಅದು ನಮ್ಮ ಮನೆಯಲ್ಲಿ ಒಂದಿತ್ತು.

ನಾನು ಒಳಗೆ ಹೋಗಿ ಖಾರದ ಬಟ್ಟಲಿಂದ ಫ್ಯೂಸು ತೆಗೆದು, ಒರೆಸಿ, ತಂದು ಇವರ ಕೈಗಿಟ್ಟೆ. ಎಷ್ಟು ಒರೆಸಿದರೂ ಖಾರ ಪೂರ್ತಿ ಹೋಗಿರಲಿಲ್ಲ. ಇವರು ಮೂಸಿ ನೋಡಿ ಸೀನಿದರು. ಇಷ್ಟು ದಿನ ಇದು ಎಲ್ಲಿತ್ತೆಂದು ಆಗ ತಿಳಿಯಿತು. ಮೊದಲ ಕೊಯ್ತ ನನ್ನದು ಎಂದೆ. ಹಲಗೆಯನ್ನು ಅಡ್ಡಪಟ್ಟಿಗೆ ಆನಿಸಿ ಕ್ಲಾಂಪಿನಿಂದ ಬಿಗಿಸಲು ಹೇಳಿದೆ, ಎಡಗೈಗೆ ಅಲ್ಲಿ ಕೆಲಸವೇ ಇರಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ತೆಗೆದಿಟ್ಟು, ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ಚಕ್ರದ ದಾರಿಯಿಂದ ಪಕ್ಕಕ್ಕೆ ಸರಿದು ನಿಂತೆ. ಮುರಿದು ಕೂಡಿದ ಬಲಗೈಯಿಂದ ಹಿಡಿಕೆ ಹಿಡಿದೆ. ಕರೆಂಟಿಲ್ಲದೆ ಎಳೆದು ಬಿಟ್ಟು, ಎಳೆದು ಬಿಟ್ಟು ಅಭ್ಯಾಸ ಮಾಡಿದೆ. ಪ್ರತಿ ಸಲವೂ ಗರಗಸ ತಾನೇ ಮನೆಗೆ ಹೋಯಿತು. ಈಗ ಫ್ಯೂಸು ಹಾಕಿ ಎಂದೆ.

ಇವರು ಹಾಕಲಿಲ್ಲ. ಬೋರ್ಡಿನ ಮುಂದೆ ಫ್ಯೂಸು ಹಿಡಿದು ನಿಂತೇ ಇದ್ದರು. ಅವರ ಕಣ್ಣು ನನ್ನ ಮಣಿಕಟ್ಟಿನ ಮೇಲಿತ್ತು. ಅದು ಕೊಂಚ ಸೊಟ್ಟಗಿದೆ, ಹಿಡಿಕೆ ಹಿಡಿದಾಗ ಚೆನ್ನಾಗಿ ಕಾಣುತ್ತದೆ. ಬೇಡ, ನಾನೇ ಎಳೆಯುತ್ತೇನೆ ಎಂದರು. ಇಲ್ಲ ಎಂದೆ. ಹತ್ತು ಬೆರಳಿಗಾಗಿ ಇಷ್ಟು ದಿನ ಹೆದರಿದವಳು ನಾನು, ಒಂದು ಕೈಗಾಗಿ ಈಗ ಅವರು ಹೆದರುತ್ತಿದ್ದರು. ಉಸ್ತಾದರ ಎದುರೇ, ಗೋಡೆಯ ಮೇಲೆ ಇಣುಕುತ್ತಿದ್ದ ಪಕ್ಕದ ಮನೆಯವರ ಎದುರೇ, ನನ್ನ ಮುಖ ನೋಡದೆ ಹೇಳಿದರು.

“ಕುಣಿಯಾಕಿ ಬರೋಬ್ಬರಿ ಕುಣೀತಿದ್ದಳು. ನೆಲಾನೇ ಡೊಂಕಿತ್ತು. ಹಾಸಿದಾಂವ ನಾನು.”

ಈ ಮಾತು ಬಂದ ದಿನ ಹೇಳಬೇಕೆಂದು ನಾನು ಎಷ್ಟೋ ಉತ್ತರ ಸಿದ್ಧಮಾಡಿಟ್ಟಿದ್ದೆ. ಒಂದಕ್ಕಿಂತ ಒಂದು ಚುರುಕು. ಒಂದೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದಕ್ಕೆ ಫ್ಯೂಸಿನ ಖಾರವನ್ನು ದೂರಿದೆ. ಕಣ್ಣೊರೆಸಿಕೊಂಡು, ಫ್ಯೂಸು ಹಾಕ್ರಿ ಎಂದಷ್ಟೇ ಹೇಳಿದೆ.

ಹಾಕಿದರು. ಮೋಟಾರು ಗುಂಯ್ ಎಂದಿತು. ಮೊಣಕೈ ಬಿಗಿ ಹಿಡಿದು ನಿಧಾನಕ್ಕೆ ಎಳೆದೆ. ಚಕ್ರ ಹಲಗೆಯೊಳಗೆ ಇಳಿಯಿತು, ಬೇವಿನ ಕಹಿ ವಾಸನೆ ಎದ್ದಿತು, ಕೈಗೆ ಜಗ್ಗಿದ್ದು ಏನೂ ತಿಳಿಯಲಿಲ್ಲ. ಹಲಗೆ ಎರಡಾಯಿತು. ಗರಗಸವನ್ನು ಹಿಂದಕ್ಕೆ ಕಳಿಸಿದೆ, ಅದು ಸುಮ್ಮನೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಚಕ್ರ ನಿಲ್ಲುವವರೆಗೆ ನಾಲ್ವರಲ್ಲಿ ಒಬ್ಬರೂ ಅಲುಗಾಡಲಿಲ್ಲ. ಆಮೇಲೆ ಉಸ್ತಾದರು ಒಂದು ತುಂಡನ್ನು ಮಗುಚಿ ಇನ್ನೊಂದಕ್ಕೆ ತಾಗಿಸಿ ಬೆಳಕಿಗೆ ಹಿಡಿದರು. ಒಂಚೂರು ಸಂದು ಕಂಡಿತು. ಇಬ್ಬರೂ ಖುಷಿಯಿಂದ ಮತ್ತೆ ಜಗಳಕ್ಕೆ ಕೂತರು.

ತೋಳು ನೇರವಾಯಿತು, ಪಟ್ಟಿಗಳೆಲ್ಲ ಒಂದೇ ಅಳತೆಗೆ ಬಂದವು, ಒಲೆಯ ಮುಂದೆ ಬೇವಿನ ಹಾಸು ಬಿತ್ತು. ಮಾತು ಬಾಯಿಂದ ಹೊರಬಿದ್ದ ಮೇಲೆ ಇವರಿಗೆ ಮೈ ಹಗುರಾಗಿತ್ತೇನೋ. ಇನ್ನೇನು, ಬಚ್ಚಲ ಫರ್ಸಿಯನ್ನೂ ಕಿತ್ತು ಢಾಳ ಸರಿಮಾಡಿಬಿಡುತ್ತೇನೆ ಎಂದು ಹಾರೆ ಹಿಡಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಇರಲಿ ಬಿಡಿ, ಹಾಸು ಇದೆಯಲ್ಲ, ಮುಪ್ಪಿನ ಕಾಲಕ್ಕೆ ಸೊಂಟ ಯಾಕೆ ನೋಯಿಸಿಕೊಳ್ಳುತ್ತೀರಿ ಎಂದು ಬಹಳ ಪ್ರೀತಿಯಿಂದ ಹೇಳಿದೆ. ಢಾಳ ಸರಿಯಾದರೆ ಲೆಕ್ಕ ಚುಕ್ತಾ ಆಯಿತೆಂದುಕೊಂಡು ಅವರು ರೊಟ್ಟಿ ಬಡಿಯುವುದನ್ನು ಬಿಟ್ಟುಬಿಟ್ಟರೆ? ಅಷ್ಟು ದಡ್ಡಿ ನಾನಲ್ಲ.

ಈಗ ಬೆಳಿಗ್ಗೆ ಅವರು ಸ್ನಾನ ಮಾಡಿದ ನೀರು ನನ್ನ ಕಾಲ ಕೆಳಗೆ, ಬೇವಿನ ಪಟ್ಟಿಗಳ ಅಡಿಯಲ್ಲಿ ಸುಳುಸುಳು ಹರಿಯುತ್ತದೆ. ನಾನು ಮೇಲೆ ನಿಂತು ಪಲ್ಯ ಕೈಯಾಡಿಸುತ್ತೇನೆ. ಮೈ ಒರೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಅವರು ಹಿಟ್ಟಿನ ಮುಂದೆ ಕೂರುತ್ತಾರೆ. ಮೊದಲ ರೊಟ್ಟಿ ತಾಟಿಗೆ ಬಿದ್ದ ಕೂಡಲೇ ಬಗ್ಗಿ ನೋಡುತ್ತೇನೆ. ಐದೂ ಇರುತ್ತವೆ.